ಸಿಸ್ಟಿಕ್ ಫೈಬ್ರೋಸಿಸ್ ಇರುವ ಮಗುವಿನ ಮೂಗು ಸದಾ ಕಟ್ಟಿರುತ್ತದೆ: ನೆಗಡಿಯೋ, ಪಾಲಿಪ್ಪೋ?

ನಿಮ್ಮ ಏಳು ವರ್ಷದ ಮಗಳಿಗೆ ಸಿಸ್ಟಿಕ್ ಫೈಬ್ರೋಸಿಸ್ (ಮೈಯೊಳಗಿನ ಲೋಳೆ ದಪ್ಪವಾಗಿ ಅಂಟಿಕೊಳ್ಳುವ, ಹುಟ್ಟಿನಿಂದಲೇ ಬರುವ ಕಾಯಿಲೆ) ಇದೆ, ಮೂಗು ಯಾವಾಗಲೂ ಕಟ್ಟಿರುತ್ತದೆ, ಕೇಳಿದರೆ ಮಾತ್ರ ‘ಏನೂ ತೊಂದರೆಯಿಲ್ಲ’ ಎನ್ನುತ್ತಾಳೆ ಎಂದು ಬರೆದಿದ್ದೀರಿ. ನಾನು ವೈದ್ಯನಲ್ಲ, ಇದೇ ಕಾಯಿಲೆಯಿರುವ ಹುಡುಗನ ತಂದೆ. ವಿರಾಜಪೇಟೆಯ ಹತ್ತಿರ ನಮ್ಮ ಕಾಫಿ ತೋಟವಿದೆ. ಅವಳ ಆ ಮಾತನ್ನು ದಯವಿಟ್ಟು ನೆಚ್ಚಿಕೊಂಡು ಕೂರಬೇಡಿ. ನಾನು ಹಾಗೆ ಎರಡು ವರ್ಷ ಕಳೆದೆ.

ಕೊಡಗಿನ ಮಳೆಗಾಲದ ಥಂಡಿಯಲ್ಲಿ ಯಾವ ಮಗುವಿನ ಮೂಗು ಸೋರುವುದಿಲ್ಲ ಎಂದುಕೊಂಡು ಸುಮ್ಮನಿದ್ದೆವು. ಅವನಿಗೆ ಒಂಬತ್ತಾಗಿದ್ದಾಗ, ಮಾರ್ಚ್‌ನಲ್ಲಿ ಹೂಮಳೆ ಬಿದ್ದು, ವಾರ ಕಳೆಯುತ್ತಲೇ ತೋಟವೆಲ್ಲ ಬೆಳ್ಳಗಾಯಿತು. ಬಾಗಿಲು ತೆರೆದರೆ ಮಲ್ಲಿಗೆಯಂಥ ಘಮ ಮನೆಯೊಳಗೇ ನುಗ್ಗುತ್ತಿತ್ತು. ಅಂಗಳದಲ್ಲಿದ್ದ ಮಗನಿಗೆ ‘ಎಂಥ ಪರಿಮಳ ನೋಡು’ ಎಂದೆ. ಬಾಯಲ್ಲಿ ಉಸಿರಾಡುತ್ತಲೇ ನನ್ನತ್ತ ತಿರುಗಿ ‘ಯಾವ ಪರಿಮಳ ಅಪ್ಪ?’ ಎಂದ. ಒಂದು ಗೊಂಚಲು ಕಿತ್ತು ಕೊಟ್ಟೆ. ಮೂಗಿಗೆ ಒತ್ತಿ ಹಿಡಿದು, ಏನೂ ಇಲ್ಲವೆಂದು ತಲೆಯಾಡಿಸಿದ. ಚಿಕ್ಕಂದಿನಿಂದ ಸ್ವಲ್ಪಸ್ವಲ್ಪವೇ ಮುಚ್ಚುತ್ತ ಬಂದ ಮೂಗು ಅದು. ತೆರೆದ ಮೂಗು ಹೇಗಿರುತ್ತದೆ ಎಂದೇ ಗೊತ್ತಿಲ್ಲದ ಮಗು ಏನೆಂದು ದೂರುತ್ತದೆ?

ಆದ್ದರಿಂದ ನೀವೇ ಗಮನಿಸಬೇಕು. ನೆಗಡಿ ಒಂದೆರಡು ವಾರದಲ್ಲಿ ಇಳಿಯುತ್ತದೆ, ಪಾಲಿಪ್ (ಮೂಗಿನೊಳಗೆ ಬೆಳೆಯುವ ಮೆತ್ತನೆಯ ಗಡ್ಡೆ, ನಮ್ಮ ಕಡೆ ದುರ್ಮಾಂಸ ಎನ್ನುತ್ತಾರೆ) ಇಳಿಯುವುದಿಲ್ಲ. ರಾತ್ರಿ ಗೊರಕೆ, ಬಾಯಿ ತೆರೆದು ನಿದ್ದೆ, ಗಂಟಲಿಗೆ ಇಳಿಯುವ ದಪ್ಪ ಸಿಂಬಳ, ಮೂಗು ಹಿಡಿದುಕೊಂಡಂಥ ಧ್ವನಿ, ಊಟ ರುಚಿಸದಿರುವುದು ಇವೆಲ್ಲ ಸೂಚನೆಗಳು. ದೊಡ್ಡದಾದರೆ ಮೂಗಿನ ಬುಡವೇ ಅಗಲವಾಗುತ್ತದೆ. ನೋವು ಮಾತ್ರ ಸಾಮಾನ್ಯವಾಗಿ ಇರುವುದಿಲ್ಲ.

ತಣ್ಣಗಿರುವ ಸ್ಟೀಲ್ ತಟ್ಟೆಯನ್ನು ಮೂಗಿನ ಕೆಳಗೆ ಹಿಡಿದು, ಬಾಯಿ ಮುಚ್ಚಿ ಉಸಿರು ಬಿಡಲು ಹೇಳಿ. ಎರಡೂ ಹೊಳ್ಳೆಗಳಿಂದ ಮಸುಕು ಸಮವಾಗಿ ಮೂಡುತ್ತದೆಯೇ ನೋಡಿ. ಕಣ್ಣು ಮುಚ್ಚಿಸಿ, ಒಂದೊಂದೇ ಹೊಳ್ಳೆಯ ಬಳಿ ಕಾಫಿಪುಡಿ ಹಿಡಿಯಿರಿ. ಇವು ರೋಗವನ್ನು ಖಚಿತಪಡಿಸುವುದಿಲ್ಲ, ಆದರೆ ವೈದ್ಯರಿಗೆ ಹೇಳಲು ನಿಮ್ಮ ಕೈಯಲ್ಲಿ ಒಂದು ವಿಷಯವಿರುತ್ತದೆ.

ಟಾರ್ಚ್ ಹಾಕಿ ನೋಡಿದರೆ ಗುಲಾಬಿ ಬಣ್ಣದ ಉಬ್ಬು ಕಂಡು ಗಾಬರಿಯಾಗಬಹುದು. ಅದು ಎಲ್ಲರ ಮೂಗಿನಲ್ಲೂ ಇರುತ್ತದೆ. ಪಾಲಿಪ್ ಬೂದು ಮಿಶ್ರಿತ ಬಿಳಿ, ಸಿಪ್ಪೆ ಸುಲಿದ ದ್ರಾಕ್ಷಿಯಂತೆ ನುಣುಪು, ಮುಟ್ಟಿದರೆ ನೋಯುವುದಿಲ್ಲ. ಆದರೆ ಮುಟ್ಟಿ ನೋಡುವ ಕೆಲಸ ನಿಮ್ಮದಲ್ಲ, ಬಡ್ಸ್ ಹಾಕಲೇಬೇಡಿ. ಒಳಗಿರುವ ಪಾಲಿಪ್ಪನ್ನು ಕಿವಿ-ಮೂಗು-ಗಂಟಲಿನ ತಜ್ಞರು ಎಂಡೋಸ್ಕೋಪ್ ಹಾಕಿ ನೋಡಿದರೆ ಮಾತ್ರ ತಿಳಿಯುವುದು. ಸಿ.ಟಿ. ಸ್ಕ್ಯಾನ್ ಒಂದನ್ನೇ ನಂಬುವಂತಿಲ್ಲ: ಈ ಕಾಯಿಲೆಯಿರುವ ಬಹುತೇಕ ಎಲ್ಲರ ಸೈನಸ್‌ಗಳೂ ಅದರಲ್ಲಿ ತುಂಬಿಕೊಂಡಂತೆಯೇ ಕಾಣುತ್ತವೆ.

ಸಿಸ್ಟಿಕ್ ಫೈಬ್ರೋಸಿಸ್‌ನಲ್ಲಿ ಪಾಲಿಪ್ ಹೆಚ್ಚಾಗಿ ಎರಡೂ ಕಡೆ ಬರುತ್ತದೆ. ಒಂದೇ ಕಡೆ ಗಡ್ಡೆ, ರಕ್ತ, ಅತ್ತಾಗ ಉಬ್ಬುವುದು, ಕಣ್ಣಿನ ಸುತ್ತ ಊತ, ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಿ. ಅದು ಬೇರೆಯೇ ಏನಾದರೂ ಇರಬಹುದು.

ಇದನ್ನು ಓದುವ ಬೇರೆ ತಂದೆತಾಯಿಯರಿಗೂ ಒಂದು ಮಾತು. ಹತ್ತು-ಹನ್ನೆರಡು ವರ್ಷದೊಳಗಿನ ಮಕ್ಕಳಲ್ಲಿ ಪಾಲಿಪ್ ಅಪರೂಪ. ಕಂಡರೆ ಬೆವರಿನ ಪರೀಕ್ಷೆ ಮಾಡಿಸಿ. ಕ್ಲೋರೈಡ್ ಲೀಟರಿಗೆ 60 ಮಿಲಿಮೋಲ್ ಅಥವಾ ಹೆಚ್ಚಿದ್ದರೆ ಸಿಸ್ಟಿಕ್ ಫೈಬ್ರೋಸಿಸ್ ಇರುವ ಸಾಧ್ಯತೆ ತುಂಬಾ ಹೆಚ್ಚು. ಮುತ್ತಿಟ್ಟಾಗ ಹಣೆ ಉಪ್ಪುಪ್ಪಾಗಿರುವ, ತೂಕ ಏರದ, ಮತ್ತೆಮತ್ತೆ ಕೆಮ್ಮುವ ಮಗುವಾದರಂತೂ ಕಾಯಲೇಬೇಡಿ.

ನನ್ನ ಮಗನಿಗೆ ಶಸ್ತ್ರಚಿಕಿತ್ಸೆಯಾಯಿತು. ಮತ್ತೆ ಬರುವುದು ಸಾಮಾನ್ಯ ಎಂದು ವೈದ್ಯರು ಮೊದಲೇ ಹೇಳಿದ್ದರು, ಬಂತು ಕೂಡ. ಆದರೆ ಈ ಸಲ ತಟ್ಟೆಯ ಮೇಲೆ ಎಡಗಡೆಯ ಮಸುಕು ಕಿರಿದಾಗಿದ್ದನ್ನು ಅವನೇ ತೋರಿಸಿದ. ಚಿಕ್ಕದಿರುವಾಗಲೇ ಸ್ಟೀರಾಯ್ಡ್ ಸ್ಪ್ರೇ ಶುರುವಾಯಿತು.