ನಂದಿ ಬೆಟ್ಟ ಹತ್ತುವಾಗ ಕಾಲು ಕಲ್ಲಾಗುವುದು

ನಮಸ್ಕಾರ. ಸೈಕಲ್‌ನಲ್ಲಿ ನಂದಿ ಬೆಟ್ಟ ಹತ್ತಲು ಶುರುಮಾಡಿ ಇಪ್ಪತ್ತು ನಿಮಿಷಕ್ಕೆ ಎಡ ಮೀನಖಂಡ ಕಲ್ಲಾಗುತ್ತದೆ, ಪಾದ ಜೋಮು ಹಿಡಿಯುತ್ತದೆ, ಇಳಿದು ಕೂತರೆ ಕಾಲು ಗಂಟೆಯಲ್ಲಿ ಮಾಯ, ಇದು ಬರೀ ಸ್ನಾಯು ಸೆಳೆತವೇ ಅಂತ ಕೇಳಿದ್ದೀರಿ. ನನಗೆ ಹಾಗನ್ನಿಸುವುದಿಲ್ಲ. ಸೆಳೆತ ಹೀಗೆ ಗಡಿಯಾರ ನೋಡಿಕೊಂಡು ಬರುವುದು ಅಪರೂಪ.

ಮೊಣಕಾಲಿನ ಕೆಳಗೆ ಸ್ನಾಯುಗಳು ನಾಲ್ಕು ಕೋಣೆಗಳಲ್ಲಿವೆ, ಸುತ್ತಲಿನ ಪೊರೆ ಅಷ್ಟಾಗಿ ಹಿಗ್ಗುವುದಿಲ್ಲ. ತುಳಿಯುತ್ತಾ ಹೋದಂತೆ ಸ್ನಾಯು ಉಬ್ಬಿ, ಒಳಗಿನ ಒತ್ತಡ ಏರಿ, ನರ ಅದುಮಿಕೊಳ್ಳುತ್ತದೆ. ಇದೇ ಕಂಪಾರ್ಟ್‌ಮೆಂಟ್ ಸಿಂಡ್ರೋಮ್‌ನ ದೀರ್ಘಕಾಲದ ರೂಪ. ಈ ಒತ್ತಡವನ್ನು ಸೂಜಿ ಹಾಕಿ ಅಳೆಯುತ್ತಾರೆ: ವ್ಯಾಯಾಮ ನಿಲ್ಲಿಸಿದ 1 ನಿಮಿಷಕ್ಕೆ 30, ಅಥವಾ 5 ನಿಮಿಷಕ್ಕೆ 20 ಎಂಎಂ ಪಾದರಸ ಮುಟ್ಟಿದರೆ ಅನುಮಾನ ಗಟ್ಟಿ. ಸುಮ್ಮನೆ ಮಲಗಿಸಿ ತೆಗೆದ ಎಂಆರ್‌ಐ ನಾರ್ಮಲ್ ಬಂದರೆ ನಿರಾಳವಾಗಬೇಡಿ. ನಾನಂತೂ ಒಂದು ವರ್ಷ ಕ್ರೇಪ್ ಬ್ಯಾಂಡೇಜ್ ಬಿಗಿದುಕೊಂಡೇ ತುಳಿದೆ, ಒತ್ತಡದ ಮೇಲೆ ಇನ್ನಷ್ಟು ಒತ್ತಡ!

ಆದರೆ ಇದು ಓಟಗಾರರಲ್ಲೇ ಜಾಸ್ತಿ. ವರ್ಷಗಟ್ಟಲೆ ಬಗ್ಗಿ ತುಳಿಯುವ ಸೈಕಲ್‌ನವರಲ್ಲಿ ಕಿಬ್ಬೊಟ್ಟೆಯ ಇಲಿಯಾಕ್ ರಕ್ತನಾಳದ ಒಳಗೋಡೆ ದಪ್ಪಗಾಗಿ ಕಾಲಿಗೆ ರಕ್ತ ಸಾಲದಾಗುವುದೂ ಉಂಟು. ಆಗ ಸಾಮಾನ್ಯವಾಗಿ ತೊಡೆಯೂ ಸೋಲುತ್ತದೆ. ಜೋರಾಗಿ ತುಳಿದ ಕೂಡಲೇ ಕಣಕಾಲಿನ ಬಿಪಿಯನ್ನು ತೋಳಿನದರ ಜೊತೆ ಹೋಲಿಸಿದರೆ ಸುಳಿವು ಸಿಗುತ್ತದೆ, ಕ್ರೀಡಾ ವೈದ್ಯರ ಹತ್ತಿರ ಕೇಳಿ ಮಾಡಿಸಿ.

ಅಲ್ಲಿಯವರೆಗೆ ಏರು ಬೇಡ. ಸೀಟಿನ ಎತ್ತರ, ಕ್ಲೀಟ್ (ಶೂವನ್ನು ಪೆಡಲ್‌ಗೆ ಸಿಕ್ಕಿಸುವ ಕೊಕ್ಕೆ) ಜಾಗ ಒಮ್ಮೆ ನೋಡಿಸಿ. ಬಿದ್ದು ಪೆಟ್ಟಾಗಿ, ಕೂತರೂ ನೋವು ಏರುತ್ತಲೇ ಹೋದರೆ ಮಾತ್ರ ಅಪಾಯಿಂಟ್‌ಮೆಂಟ್ ಕಾಯಬೇಡಿ, ಸೀದಾ ಎಮರ್ಜೆನ್ಸಿಗೆ ಹೋಗಿ.