ಬಣ್ಣ ಕಟ್ಟಕಡೆಗೆ: ಹಾಟ್ ರಾಡ್ ಕಟ್ಟುವವರ ಪ್ರಶ್ನೋತ್ತರ

ಮನೆಯ ಶೆಡ್ಡಿನಲ್ಲೇ ಸಾಂಪ್ರದಾಯಿಕ ಹಾಟ್ ರಾಡ್ (ಹಳೆಯ ಕಾರನ್ನು ವೇಗಕ್ಕಾಗಿ ಮಾರ್ಪಡಿಸಿ ಕಟ್ಟಿದ ಕಾರು) ಕಟ್ಟುತ್ತಿರುವ ಓದುಗರು ಕಳುಹಿಸಿದ ಪ್ರಶ್ನೆಗಳಲ್ಲಿ ಐದನ್ನು ಈ ಸಲ ಎತ್ತಿಕೊಂಡಿದ್ದೇನೆ. ಮೊದಲನೆಯ ಪ್ರಶ್ನೆಗೆ ಕೊಟ್ಟ ಉತ್ತರವೇ ಉಳಿದವುಗಳಿಗೂ ತಳಹದಿಯಾಗಿರುವುದರಿಂದ ಅದನ್ನು ಸ್ವಲ್ಪ ವಿಸ್ತಾರವಾಗಿ ಬರೆದಿದ್ದೇನೆ.

ಪ್ರಶ್ನೆ: 1932ರ ಫೋರ್ಡ್ ರೋಡ್‌ಸ್ಟರ್ ಒಂದರ ಬಾಡಿಯೂ ಚಾಸಿಸ್ಸೂ ನನ್ನ ಬಳಿ ಇವೆ. ಎಂಜಿನ್ ಯಾವುದೆಂದು ಇನ್ನೂ ತೀರ್ಮಾನಿಸಿಲ್ಲ. ಶೆಡ್ಡು ಈಗ ಖಾಲಿ ಇರುವುದರಿಂದ ಮೊದಲು ಬಣ್ಣದ ಕೆಲಸ ಮುಗಿಸಿಕೊಂಡು, ಎಂಜಿನ್ ಮತ್ತು ಗೇರ್‌ಬಾಕ್ಸನ್ನು ಆಮೇಲೆ ಕೂರಿಸಬಹುದೆ?

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಹಾಟ್ ರಾಡ್ ಎಂಬುದು ಕಾರ್ಖಾನೆಯಲ್ಲಿ ಒಂದಕ್ಕೊಂದು ಹೊಂದುವಂತೆ ತಯಾರಾದ ಭಾಗಗಳ ಜೋಡಣೆಯಲ್ಲ. ಬೇರೆ ಬೇರೆ ವರ್ಷಗಳ, ಹಲವೊಮ್ಮೆ ಬೇರೆ ಬೇರೆ ಕಂಪನಿಗಳ ಭಾಗಗಳನ್ನು ಒಂದೇ ಚೌಕಟ್ಟಿಗೆ ಒಗ್ಗಿಸುವ ಕೆಲಸ ಅದು. ಒಗ್ಗಿಸುವುದೆಂದರೆ ಕೊಯ್ಯುವುದು, ಕೊರೆಯುವುದು, ಬೆಸುಗೆ ಹಾಕುವುದು. ಈ ಮೂರೂ ಬಣ್ಣದ ಶತ್ರುಗಳು. ನನ್ನ ಮೊದಲ ಕಾರಿನ ಚಾಸಿಸ್ಸಿಗೆ ಹೊಳೆಯುವ ಕಪ್ಪು ಬಣ್ಣ ಹೊಡೆದು ಮುಗಿಸಿದ ಮೇಲೆ, ಕ್ಲಚ್ ಪೆಡಲಿನ ತೋಳು ಗೇರ್‌ಬಾಕ್ಸಿಗೆ ತಗಲುತ್ತದೆಂಬುದು ಗೊತ್ತಾಯಿತು. ಒಂದು ಬ್ರ್ಯಾಕೆಟ್ಟನ್ನು ಎರಡು ಇಂಚು ಸರಿಸುವುದಕ್ಕಾಗಿ ಹದಿನೈದು ದಿನಗಳ ಉಜ್ಜುವಿಕೆಯನ್ನು ಕಳೆದುಕೊಂಡೆ.

ಆದ್ದರಿಂದ ಮುಗಿದ ಕಾರು ಹೇಗಿರಬೇಕೆಂಬುದರಿಂದ ಶುರುಮಾಡಿ ತೀರ್ಮಾನಗಳು ಹಿಂದಕ್ಕೆ ಬರಬೇಕು. ಕಾರು ನೆಲದಿಂದ ಎಷ್ಟು ಎತ್ತರದಲ್ಲಿ ನಿಲ್ಲಬೇಕು, ಚಕ್ರ ಮತ್ತು ಟೈರುಗಳ ಅಳತೆ ಎಷ್ಟು ಎಂಬುದು ಮೊದಲು ನಿಶ್ಚಯವಾಗಲಿ. ಅದರಿಂದ ಆಕ್ಸಲ್ಲುಗಳ ಜಾಗ ಸಿಗುತ್ತದೆ, ಆಕ್ಸಲ್ಲಿನಿಂದ ಡ್ರೈವ್ ಶಾಫ್ಟಿನ ಓರೆ ಸಿಗುತ್ತದೆ, ಆ ಓರೆಯೇ ಎಂಜಿನ್ನಿನ ಎತ್ತರವನ್ನು ಹೇಳುತ್ತದೆ. ಇದೆಲ್ಲ ಆದ ಮೇಲೆ ಬಾಡಿಯನ್ನೂ ಕೂರಿಸಿ, ಬಾಗಿಲು ಮುಚ್ಚಿ ತೆರೆದು, ಸ್ಟೀರಿಂಗ್ ತಿರುಗಿಸಿ, ಬ್ರೇಕಿನ ಪೈಪುಗಳನ್ನು ಎಳೆದು, ಸಾಧ್ಯವಿದ್ದರೆ ಬಣ್ಣವಿಲ್ಲದ ಕಾರನ್ನೇ ಕೆಲವು ಮೈಲಿ ಓಡಿಸಿ ನೋಡಿ. ಆಮೇಲೆ ಪೂರ್ತಿ ಬಿಚ್ಚಿ ಬಣ್ಣಕ್ಕೆ ಇಳಿಯಿರಿ.

1932ರ ಚಾಸಿಸ್ಸಿನ ಬಗ್ಗೆ ಒಂದು ಮಾತು. ಅದರ ಪಕ್ಕದ ಹಳಿಗಳು ಬಾಡಿಯ ಕೆಳಗೆ ಹೊರಗೇ ಕಾಣುತ್ತವೆ. ಅವುಗಳ ಮೇಲೆ ಅಚ್ಚೊತ್ತಿದ ಉದ್ದನೆಯ ಗೆರೆ ಆ ಮಾದರಿಯ ಸೊಗಸು. ಮಡ್‌ಗಾರ್ಡ್ ತೆಗೆದು ಬಾಡಿಯನ್ನು ಚೌಕಟ್ಟಿನ ಮೇಲೆಯೇ ಉಳಿಸಿಕೊಳ್ಳುವ ಹೈಬಾಯ್ ರೂಪಕ್ಕೆ ಈ ಕಾರು ಅಷ್ಟು ಒಪ್ಪುವುದು ಅದರಿಂದಲೇ. ಆದರೆ ಆ ಹಳಿಗಳು ಒಳಬದಿಯಲ್ಲಿ ತೆರೆದಿರುವ ತೊಟ್ಟಿಯಂತಿವೆ. ಆ ಕಾರಿನ ಮೂಲದ 65 ಅಶ್ವಶಕ್ತಿಯ ವಿ8 ಎಂಜಿನ್ನಿಗೆ ಅಷ್ಟು ಸಾಕಿತ್ತು. ಅದಕ್ಕಿಂತ ಹೆಚ್ಚಿನ ಬಲ ಹಾಕುವವರು ಒಳಬದಿಗೆ ಉಕ್ಕಿನ ಪಟ್ಟಿ ಬೆಸೆದು ಹಳಿಯನ್ನು ಪೆಟ್ಟಿಗೆಯಂತೆ ಮುಚ್ಚಬೇಕು. ಬೆಸುಗೆಯನ್ನು ಒಂದೇ ಉಸಿರಿಗೆ ಉದ್ದಕ್ಕೂ ಎಳೆದರೆ ಶಾಖಕ್ಕೆ ಹಳಿ ಬಾಗುತ್ತದೆ. ಚಾಸಿಸ್ಸನ್ನು ಗಟ್ಟಿಯಾದ ಸಮತಟ್ಟು ಚೌಕಟ್ಟಿಗೆ ಬಿಗಿದು, ಒಂದೊಂದು ಇಂಚಿನಷ್ಟು, ಜಾಗ ಬದಲಿಸುತ್ತ, ತಣಿಯಲು ಬಿಟ್ಟು ಬೆಸೆಯಿರಿ.

ಪ್ರಶ್ನೆ: ಸಾಂಪ್ರದಾಯಿಕ ಎನಿಸಿಕೊಳ್ಳಲು ಫೋರ್ಡಿನ ಫ್ಲ್ಯಾಟ್‌ಹೆಡ್ ವಿ8 ಎಂಜಿನ್ನೇ (ಕವಾಟಗಳು ಸಿಲಿಂಡರಿನ ತಲೆಯ ಬದಲು ಬ್ಲಾಕಿನಲ್ಲೇ ಇರುವ ಎಂಟು ಸಿಲಿಂಡರಿನ ಎಂಜಿನ್) ಬೇಕೆ? ಅದು ಬೇಗ ಕಾಯುತ್ತದೆಂದು ಕೇಳಿದ್ದೇನೆ.

ಉತ್ತರ: ಬೇಕೇಬೇಕು ಎಂಬ ನಿಯಮವಿಲ್ಲ. ಕ್ಯಾಲಿಫೋರ್ನಿಯಾದ ಒಣ ಸರೋವರಗಳ ಮೇಲೆ ಈ ಕಾರುಗಳು ಓಡುತ್ತಿದ್ದ ಕಾಲವನ್ನು ನೆನೆಯಿರಿ. ಮ್ಯೂರಾಕ್‌ನಲ್ಲಿ, ಅದು ಸೇನೆಯ ಪಾಲಾದ ಮೇಲೆ ಎಲ್ ಮಿರಾಜ್‌ನಲ್ಲಿ ಓಡಿಸುತ್ತಿದ್ದ ಹುಡುಗರು, 1937ರಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಎಂಬ, ಓಟದ ವೇಗ ಅಳೆಯುವ ಸಂಘ ಕಟ್ಟಿಕೊಂಡರು. 1949ರಲ್ಲಿ ಯೂಟಾದ ಬಾನವಿಲ್ ಉಪ್ಪಿನ ಬಯಲಿಗೂ ಹೋದರು. ಅಗ್ಗಕ್ಕೆ ಸಿಕ್ಕ, ಬಲವಾದ ಎಂಜಿನ್ ಯಾವುದೋ ಅದನ್ನೇ ಅವರು ಬಳಸಿದರು. 1955ರಲ್ಲಿ ಷೆವರ್ಲೆಯ 265 ಘನ ಇಂಚಿನ ವಿ8 ಬಂದಾಗ ಬಹಳ ಮಂದಿ ಅದರ ಕಡೆಗೆ ತಿರುಗಿದರು. ನೀವು ಯಾವ ವರ್ಷದ ಕಾರನ್ನು ಕಣ್ಮುಂದೆ ಇಟ್ಟುಕೊಂಡಿದ್ದೀರಿ ಎಂಬುದು ಸ್ಪಷ್ಟವಾಗಿದ್ದು, ಉಳಿದ ಭಾಗಗಳೂ ಆ ವರ್ಷವನ್ನು ದಾಟದಿದ್ದರೆ ಅದು ಸಾಂಪ್ರದಾಯಿಕವೇ ಎಂಬುದು ನನ್ನ ನಿಲುವು.

ಫ್ಲ್ಯಾಟ್‌ಹೆಡ್ ಕಾಯುವುದು ನಿಜ, ಅದಕ್ಕೆ ಕಾರಣ ಅದರ ರಚನೆಯಲ್ಲೇ ಇದೆ. ಕವಾಟಗಳೆಲ್ಲ ಎರಡು ಸಾಲು ಸಿಲಿಂಡರುಗಳ ನಡುವಿನ ಕಣಿವೆಯ ಕಡೆಗಿವೆ. ಉರಿದ ಅನಿಲ ಅಲ್ಲಿಂದ ನೀರಿನ ಕೋಶದ ನಡುವೆಯೇ ಹಾದು ಬ್ಲಾಕಿನ ಹೊರಬದಿಗೆ ಬರಬೇಕು. ಅಂದರೆ ಸೈಲೆನ್ಸರಿಗೆ ಹೋಗಬೇಕಾದ ಶಾಖದಲ್ಲಿ ಒಂದು ಪಾಲನ್ನು ರೇಡಿಯೇಟರ್ ಹೊರಬೇಕಾಗುತ್ತದೆ. ಇದರ ಜೊತೆಗೆ, ಎರಕ ಹೊಯ್ದಾಗಿನ ಮರಳು ಮತ್ತು ದಶಕಗಳ ತುಕ್ಕು ನೀರಿನ ದಾರಿಯ ತಳದಲ್ಲಿ ಗಡ್ಡೆ ಕಟ್ಟಿರುವುದು ಹಳೆಯ ಬ್ಲಾಕುಗಳಲ್ಲಿ ಸಾಮಾನ್ಯ. ಅದನ್ನು ತಂತಿಯಿಂದ ಕೆದಕಿ, ರಾಸಾಯನಿಕದಲ್ಲಿ ಮುಳುಗಿಸಿ ಪೂರ್ತಿ ತೆಗೆಸಿದ ಎಂಜಿನ್, ಒಳ್ಳೆಯ ರೇಡಿಯೇಟರ್ ಮತ್ತು ಎರಡೂ ಕಡೆಯ ಸುಸ್ಥಿತಿಯ ನೀರಿನ ಪಂಪುಗಳೊಂದಿಗೆ, ಶಾಂತವಾಗಿ ಓಡುತ್ತದೆ. ಬ್ಲಾಕಿಗೆ ಬೇರೆ ಯಾವುದೇ ಖರ್ಚು ಮಾಡುವ ಮೊದಲು ಬಿರುಕಿನ ಪರೀಕ್ಷೆ ಮಾಡಿಸಿ. ಕವಾಟದ ಪೀಠದಿಂದ ಸಿಲಿಂಡರಿನ ಕಡೆಗೆ ಹರಿಯುವ ಬಿರುಕು ಬರಿಗಣ್ಣಿಗೆ ಕಾಣದೆಯೂ ಇರಬಹುದು. ಕಾಂತೀಯ ಪುಡಿಯ ಪರೀಕ್ಷೆ ಅದನ್ನು ತೋರಿಸಿಕೊಡುತ್ತದೆ. ಇನ್ನೊಂದು ವಿಷಯ: ಆ ಕಾಲದ ಸ್ಟ್ರಾಂಬರ್ಗ್ 97 ಕಾರ್ಬ್ಯುರೇಟರುಗಳನ್ನು (ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸುವ ಸಾಧನ) ಹಾಕುವುದಾದರೆ ಪೆಟ್ರೋಲಿನ ಒತ್ತಡ ಚದರ ಇಂಚಿಗೆ ಸುಮಾರು ಎರಡೂವರೆ ಪೌಂಡಿನ ಆಸುಪಾಸಿನಲ್ಲಿರಲಿ. ಹೆಚ್ಚಾದರೆ ಫ್ಲೋಟಿನ ಸೂಜಿ ಕವಾಟ ತಡೆಯಲಾರದೆ ಪೆಟ್ರೋಲು ಉಕ್ಕಿ, ಬಿಸಿ ಎಂಜಿನ್ನಿನ ಮೇಲೆ ಸುರಿಯುತ್ತದೆ.

ಪ್ರಶ್ನೆ: ನನ್ನ ಕಾರಿನಲ್ಲಿ 1940ರ ಫೋರ್ಡಿನ ಹಿಂದಿನ ಆಕ್ಸಲ್ ಇದೆ. ಷೆವರ್ಲೆ ಎಂಜಿನ್ನನ್ನು ಹೊಸ ಕಾಲದ ಗೇರ್‌ಬಾಕ್ಸಿನೊಂದಿಗೆ ಕೂರಿಸಿ, ತೆರೆದ ಡ್ರೈವ್ ಶಾಫ್ಟ್ ಹಾಕಬೇಕೆಂದಿದ್ದೇನೆ. ಶಾಫ್ಟಿನ ಉದ್ದ ಸರಿಪಡಿಸಿದರೆ ಸಾಕಲ್ಲವೆ?

ಉತ್ತರ: ಸಾಲದು, ಮತ್ತು ಇದು ಅಪಾಯದ ವಿಷಯ. 1948ರವರೆಗಿನ ಫೋರ್ಡ್ ಕಾರುಗಳಲ್ಲಿ ಡ್ರೈವ್ ಶಾಫ್ಟ್ ಒಂದು ಗಟ್ಟಿ ಕೊಳವೆಯೊಳಗೆ ತಿರುಗುತ್ತದೆ. ಟಾರ್ಕ್ ಟ್ಯೂಬ್ ಎಂಬ ಈ ಕೊಳವೆ ಶಾಫ್ಟಿಗೆ ಬರೀ ಹೊದಿಕೆಯಲ್ಲ. ಚಕ್ರಗಳು ಕಾರನ್ನು ಮುಂದಕ್ಕೆ ತಳ್ಳುವ ಬಲ ಅದರ ಮೂಲಕವೇ ಗೇರ್‌ಬಾಕ್ಸಿನ ಹಿಂಭಾಗಕ್ಕೆ ತಲುಪುತ್ತದೆ. ವೇಗ ಹೆಚ್ಚಿಸಿದಾಗ ಆಕ್ಸಲ್ ತಿರುಚಿಕೊಂಡು ಮೂತಿ ಎತ್ತದಂತೆ ಹಿಡಿಯುವುದೂ ಅದೇ. ಕಾರಿಗೆ ಅಡ್ಡಲಾಗಿ ಒಂದೇ ಲೀಫ್ ಸ್ಪ್ರಿಂಗ್ ಇರುವ ಈ ವ್ಯವಸ್ಥೆಯಲ್ಲಿ ಸ್ಪ್ರಿಂಗಿಗೆ ಆ ತಿರುಚನ್ನು ತಡೆಯುವ ಶಕ್ತಿಯಿಲ್ಲ. ಆದ್ದರಿಂದ ಕೊಳವೆಯನ್ನು ತೆಗೆದವರು ಆಕ್ಸಲ್ಲಿನ ಮೇಲೂ ಕೆಳಗೂ ಹಿಡಿಯುವ ತೋಳುಗಳನ್ನೋ, ಮುಂದಕ್ಕೆ ಚಾಚಿದ ಪ್ರತ್ಯೇಕ ಟಾರ್ಕ್ ತೋಳನ್ನೋ ಹೊಸದಾಗಿ ಕಟ್ಟಲೇಬೇಕು. ಹಳೆಯ ಫೋರ್ಡ್ ಗೇರ್‌ಬಾಕ್ಸನ್ನೇ ಉಳಿಸಿಕೊಂಡು ಅಡಾಪ್ಟರ್ ಮೂಲಕ ಎಂಜಿನ್ ಕೂರಿಸಿದರೆ ಕೊಳವೆ ಹಾಗೆಯೇ ಉಳಿಯುತ್ತದೆ. ನೋಡಲು ಅದು ಹೆಚ್ಚು ಪ್ರಾಮಾಣಿಕವೂ ಹೌದು. ಆದರೆ ಆ ಮೂರು ಗೇರಿನ ಪೆಟ್ಟಿಗೆ ಒರಟು ಕೈಯನ್ನು ಸಹಿಸುವುದಿಲ್ಲ.

ತೆರೆದ ಶಾಫ್ಟನ್ನೇ ಆರಿಸಿಕೊಂಡರೆ ಓರೆಗಳ ಲೆಕ್ಕಕ್ಕೆ ಒಂದು ಇಡೀ ದಿನ ಕೊಡಿ. ಶಾಫ್ಟಿನ ತುದಿಯಲ್ಲಿರುವ ಬಾಗುವ ಕೀಲು, ಅಂದರೆ ಯೂನಿವರ್ಸಲ್ ಜಾಯಿಂಟ್, ಓರೆಯಾಗಿ ತಿರುಗುವಾಗ ಪ್ರತಿ ಸುತ್ತಿನಲ್ಲೂ ಎರಡು ಸಲ ವೇಗ ಹೆಚ್ಚಿಸಿ ಎರಡು ಸಲ ತಗ್ಗಿಸುತ್ತದೆ. ಇನ್ನೊಂದು ತುದಿಯ ಜಾಯಿಂಟ್ ಅಷ್ಟೇ ಓರೆಯಲ್ಲಿ ಎದುರಾಗಿ ಇದ್ದರೆ ಮಾತ್ರ ಆ ಏರಿಳಿತ ಅಳಿಯುತ್ತದೆ, ಇಲ್ಲದಿದ್ದರೆ ನೆಲಹಾಸಿನಡಿಯಲ್ಲಿ ನಡುಕವಾಗಿ ಉಳಿಯುತ್ತದೆ. ಹಾಗಾಗಿ ಗೇರ್‌ಬಾಕ್ಸಿನ ಹೊರದಂಡವೂ ಆಕ್ಸಲ್ಲಿನ ಪಿನಿಯನ್ನೂ (ಶಾಫ್ಟ್ ತಿರುಗಿಸುವ ಸಣ್ಣ ಹಲ್ಲುಚಕ್ರದ ದಂಡ) ಪರಸ್ಪರ ಸಮಾನಾಂತರವಾಗಿರಬೇಕು. ಪ್ರತಿ ಜಾಯಿಂಟಿನ ಓರೆ 1ರಿಂದ 3 ಡಿಗ್ರಿಯೊಳಗಿರುವುದು ಒಳ್ಳೆಯದು. ಓರೆಯೇ ಇಲ್ಲದಂತೆ ನೇರವಾಗಿ ಇಡುವುದೂ ತಪ್ಪು, ಏಕೆಂದರೆ ಜಾಯಿಂಟಿನೊಳಗಿನ ಸೂಜಿ ಬೇರಿಂಗುಗಳು ಉರುಳದೆ ಒಂದೇ ಜಾಗದಲ್ಲಿ ಕುಳಿ ಬೀಳಿಸುತ್ತವೆ. ಈ ಅಳತೆಯನ್ನು ಕಾರು ತನ್ನ ಪೂರ್ಣ ಭಾರದೊಂದಿಗೆ ಚಕ್ರಗಳ ಮೇಲೆ ನಿಂತಿರುವಾಗ ತೆಗೆದುಕೊಳ್ಳಬೇಕು, ಜ್ಯಾಕಿನ ಮೇಲಿದ್ದಾಗಲ್ಲ.

ಪ್ರಶ್ನೆ: ಮುಂದಿನ ಆಕ್ಸಲ್ಲಿಗೆ ವಿಶ್‌ಬೋನನ್ನು (ಆಕ್ಸಲ್ಲನ್ನು ಹಿಂದಕ್ಕೆ ಹಿಡಿದಿಡುವ ವಿ ಆಕಾರದ ತೋಳು) ಸೀಳಿ ಎರಡು ಪಕ್ಕಕ್ಕೆ ಬಿಗಿದಿದ್ದೇನೆ. ಕೊಳವೆಯಾಕಾರದ ಆಕ್ಸಲ್ ಹಾಕಿದರೆ ಚೆನ್ನಾಗಿ ಕಾಣುವುದಿಲ್ಲವೆ?

ಉತ್ತರ: ಕಾಣುವುದು ಚೆನ್ನಾಗಿಯೇ, ಆದರೆ ಈ ಜೋಡಿ ಸರಿಯಲ್ಲ. ಮೂಲದಲ್ಲಿ ವಿಶ್‌ಬೋನಿನ ಎರಡೂ ತೋಳುಗಳು ಹಿಂದೆ ಒಂದೇ ಗುಂಡು ಕೀಲಿನಲ್ಲಿ ಸೇರುವುದರಿಂದ ಇಡೀ ಆಕ್ಸಲ್ ಆ ಬಿಂದುವಿನ ಸುತ್ತ ಸಲೀಸಾಗಿ ಓಲಾಡುತ್ತದೆ. ಸೀಳಿ ಎರಡು ಕಡೆಗೆ ಕಟ್ಟಿದ ಮೇಲೆ, ಒಂದು ಚಕ್ರ ಉಬ್ಬನ್ನು ಹತ್ತಿದಾಗ ಆಕ್ಸಲ್ಲೇ ತಿರುಚಿಕೊಳ್ಳಬೇಕು. ಐ ಆಕಾರದ ಉಕ್ಕಿನ ಆಕ್ಸಲ್ ಆ ತಿರುಚಿಗೆ ಬಳುಕುತ್ತದೆ. ಕೊಳವೆ ಬಳುಕುವುದಿಲ್ಲ, ಬದಲಿಗೆ ಬ್ರ್ಯಾಕೆಟ್ಟುಗಳು ಸೀಳುತ್ತವೆ. ನಿಮ್ಮ ಸ್ಟೀರಿಂಗಿನ ದಂಡ ಕಾರಿಗೆ ಅಡ್ಡಲಾಗಿ ಹೋಗುವುದಾದರೆ, ಆಕ್ಸಲ್ ಷ್ಯಾಕಲ್ಲುಗಳ (ಸ್ಪ್ರಿಂಗಿನ ತುದಿಯ ಓಲಾಡುವ ಕೊಂಡಿಗಳ) ಮೇಲೆ ಪಕ್ಕಕ್ಕೆ ಸರಿಯದಂತೆ, ಅದನ್ನು ಚಾಸಿಸ್ಸಿಗೆ ಅಡ್ಡವಾಗಿ ಹಿಡಿಯುವ ಪ್ಯಾನ್‌ಹಾರ್ಡ್ ದಂಡವನ್ನೂ ಹಾಕಿ. ಕ್ಯಾಸ್ಟರ್, ಅಂದರೆ ಮುಂದಿನ ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಓರೆ, 5ರಿಂದ 7 ಡಿಗ್ರಿ ಇರಲಿ. ಬ್ರೇಕು ಮಾತ್ರ ಫೋರ್ಡ್ 1939ರಲ್ಲಿ ತಂದ ಹೈಡ್ರಾಲಿಕ್ ಮಾದರಿಗಿಂತ ಹಿಂದಿನದು ಬೇಡ. ಅದಕ್ಕೂ ಎರಡು ಪ್ರತ್ಯೇಕ ಕೋಣೆಗಳಿರುವ ಮಾಸ್ಟರ್ ಸಿಲಿಂಡರ್ ಹಾಕಿ. ಕಾಲಕ್ಕೆ ನಿಷ್ಠೆ ಎಂಬ ಕಾರಣಕ್ಕೆ ಇಲ್ಲಿ ರಾಜಿ ಮಾಡಿಕೊಳ್ಳುವುದನ್ನು ನಾನು ಒಪ್ಪಲಾರೆ.

ಪ್ರಶ್ನೆ: ಬಣ್ಣದ ಹಂತಕ್ಕೆ ಬಂದಿದ್ದೇನೆ. ಹಳೆಯ ಕಾಲದ ಬೂದು ಪ್ರೈಮರಿನಲ್ಲೇ ಬಿಡಬೇಕೆಂದು ಆಸೆ. ಅದು ಬಾಳುತ್ತದೆಯೆ? ಬೇರೆ ಬಣ್ಣವನ್ನು ಮನೆಯಲ್ಲೇ ಹೊಡೆಯಬಹುದೆ?

ಉತ್ತರ: ಸಾಮಾನ್ಯ ಪ್ರೈಮರಿನಲ್ಲಿ ಸೂಕ್ಷ್ಮ ರಂಧ್ರಗಳಿರುವುದರಿಂದ ಅದು ತೇವವನ್ನು ಹೀರುತ್ತದೆ, ತುಕ್ಕು ಒಳಗಿನಿಂದಲೇ ಹೂ ಬಿಡುತ್ತದೆ. ಅಂದಿನ ಹುಡುಗರಿಗೆ ಅದು ಮುಂದಿನ ಕೆಲಸದವರೆಗಿನ ತಾತ್ಕಾಲಿಕ ಹೊದಿಕೆಯಾಗಿತ್ತು. ಆ ನೋಟವೇ ಬೇಕಿದ್ದರೆ ಬರಿ ಲೋಹಕ್ಕೆ ಎಪಾಕ್ಸಿ ಪ್ರೈಮರ್ ಹೊಡೆದು, ಮೇಲೆ ಹೊಳಪಿಲ್ಲದ ಬೂದು ಬಣ್ಣವನ್ನು ಹಾಕಿ.

ಮನೆಯಲ್ಲಿ ಹೊಡೆಯುವವರಿಗೆ ನನ್ನ ಒಲವು ಲ್ಯಾಕರಿನ (ದ್ರಾವಕ ಆವಿಯಾಗುವುದರಿಂದಲೇ ಒಣಗುವ ಹಳೆಯ ಬಗೆಯ ಬಣ್ಣ) ಕಡೆಗೆ. ಅದು ಕೆಲವೇ ನಿಮಿಷಗಳಲ್ಲಿ ಮುಟ್ಟಲು ಬರುವಷ್ಟು ಒಣಗುವುದರಿಂದ ಧೂಳು ಕೂರಲು ಸಮಯ ಸಿಗುವುದಿಲ್ಲ. ಕೂತರೂ ನೀರು ಹಾಕಿ ಉಜ್ಜಿ, ಪಾಲಿಶ್ ಮಾಡಿ ತೆಗೆಯಬಹುದು. ಹಲವಾರು ತೆಳುಪದರ ಬೇಕು, ಉಜ್ಜುವ ಶ್ರಮ ಬಹಳ. ದಪ್ಪಕ್ಕೆ ಬಳಿದರೆ ವರ್ಷ ಕಳೆದಂತೆ ಬಿರಿಯುತ್ತದೆ, ತೇವದ ಹವೆಯಲ್ಲಿ ಹೊಡೆದರೆ ಬಿಳಿಚಿಕೊಳ್ಳುತ್ತದೆ. ಕ್ಯಾಲಿಫೋರ್ನಿಯಾದಂಥ ಕಡೆ ಆವಿಯಾಗುವ ದ್ರಾವಕಗಳಿಗೆ ಕಟ್ಟುನಿಟ್ಟಿನ ಮಿತಿಗಳಿರುವುದರಿಂದ ಕೊಳ್ಳುವ ಮೊದಲು ನಿಮ್ಮಲ್ಲಿನ ನಿಯಮ ನೋಡಿಕೊಳ್ಳಿ. ಗಟ್ಟಿಕಾರಕ ಬೆರೆಸುವ ಯುರೆಥೇನ್ ಬಣ್ಣ ಹೆಚ್ಚು ಬಾಳುತ್ತದೆ ನಿಜ. ಆದರೆ ಅದರಲ್ಲಿನ ಐಸೋಸಯನೇಟ್ ಶ್ವಾಸಕೋಶಕ್ಕೆ ಹೋದರೆ ಜೀವನವಿಡೀ ಉಳಿಯುವ ಆಸ್ತಮಾ ತರಬಲ್ಲದು. ಇದ್ದಿಲಿನ ಮುಖವಾಡ ಸವೆದದ್ದು ವಾಸನೆಯಿಂದ ತಿಳಿಯುವುದಿಲ್ಲವಾದ್ದರಿಂದ, ಹೊರಗಿನಿಂದ ಶುದ್ಧ ಗಾಳಿ ತರುವ ಮುಖವಾಡವಿಲ್ಲದೆ ಅದನ್ನು ಹೊಡೆಯಬೇಡಿ.

ಬಾಡಿಯ ತಗಡುಗಳ ಸಂದುಗಳನ್ನು ಹಳೆಯ ರೀತಿಯಲ್ಲಿ ಸೀಸದಿಂದ ತುಂಬಿದ್ದರೆ, ಸೀಸ ಹಿಡಿಯಲೆಂದು ಆ ಜಾಗಕ್ಕೆ ಬಳಿದಿದ್ದ ಆಮ್ಲವನ್ನು ಅಡುಗೆ ಸೋಡಾ ಕದಡಿದ ನೀರಿನಿಂದ ತೊಳೆದು, ಪೂರ್ತಿ ಒಣಗಿಸಿದ ಮೇಲೆಯೇ ಪ್ರೈಮರ್ ಹಾಕಿ. ಆಮ್ಲ ಉಳಿದರೆ ಬಣ್ಣ ಆರು ತಿಂಗಳಿಗೆ ಗುಳ್ಳೆ ಏಳುತ್ತದೆ. ಸೀಸವನ್ನು ಅರದಿಂದ ಮಾತ್ರ ತಿದ್ದಿ. ಯಂತ್ರದಿಂದ ಉಜ್ಜಿದರೆ ಅದರ ವಿಷದ ಧೂಳು ಶೆಡ್ಡಿನಲ್ಲೆಲ್ಲ ತುಂಬಿಕೊಳ್ಳುತ್ತದೆ.