ಟಕೋಮಾ ಸಾಕೋ, ಎಫ್-150 ಬೇಕೋ?

ಪ್ರಶ್ನೆ: ನಾವು ಡೆನ್ವರ್ ಹತ್ತಿರ ಇದ್ದೇವೆ. ನಾವಿಬ್ಬರು, ಐದು ವರ್ಷದ ಮಗಳು, ಎಂಟು ತಿಂಗಳ ಮಗ. ವಾರವಿಡೀ ಆಫೀಸು, ಡೇಕೇರ್, ಅಂಗಡಿ. ಬೇಸಿಗೆಯಲ್ಲಿ ಯೂರೇ, ಸಿಲ್ವರ್ಟನ್ ಕಡೆಯ ಬೆಟ್ಟದ ಹಾದಿಗಳಲ್ಲಿ ಓಡಾಡಿ ಟೆಂಟ್ ಹಾಕುವ ಆಸೆ. ಟೊಯೋಟಾ ಟಕೋಮಾ ಟಿಆರ್‌ಡಿ ಆಫ್-ರೋಡ್ ಪಿಕಪ್ ತಗೊಳ್ಳೋದೋ, ಅದಕ್ಕಿಂತ ದೊಡ್ಡ ಪಿಕಪ್ ಫೋರ್ಡ್ ಎಫ್-150ಯ ಟ್ರೆಮರ್ ಆವೃತ್ತಿ ತಗೊಳ್ಳೋದೋ ಗೊತ್ತಾಗುತ್ತಿಲ್ಲ. ಗಾಡಿ ದೊಡ್ಡದಿದ್ದಷ್ಟೂ ಬೆಟ್ಟ ಸಲೀಸು ಅನ್ನುತ್ತಾರೆ ಸ್ನೇಹಿತರು.

ಉತ್ತರ: ಬೆಟ್ಟದ ಹಾದಿಯ ಮಟ್ಟಿಗೆ ನಿಮ್ಮ ಸ್ನೇಹಿತರ ಮಾತು ಉಲ್ಟಾ. ಆದರೆ ನಿಮ್ಮ ಮನೆಯಲ್ಲಿ ಇದನ್ನು ತೀರ್ಮಾನಿಸುವುದು ಬೆಟ್ಟವಲ್ಲ, ಎಂಟು ತಿಂಗಳ ಮಗುವಿನ ಸೀಟು. ಅದಕ್ಕೆ ಆಮೇಲೆ ಬರೋಣ.

ಮೊದಲು ಅಳತೆ. ಡಬಲ್ ಕ್ಯಾಬ್ (ಎರಡು ಸಾಲು ಸೀಟು, ನಾಲ್ಕು ಬಾಗಿಲು), ಐದು ಅಡಿ ಬೆಡ್ (ಹಿಂದಿನ ಸಾಮಾನು ತೊಟ್ಟಿ) ಇರುವ ಈಗಿನ ಟಕೋಮಾದ ಉದ್ದ ಸುಮಾರು 213 ಇಂಚು. ಅದೇ ಬಗೆಯ ಸೂಪರ್‌ಕ್ರೂ ಕ್ಯಾಬ್, ಐದೂವರೆ ಅಡಿ ಬೆಡ್‌ನ ಎಫ್-150 ಸುಮಾರು 232 ಇಂಚು. ಅಗಲದಲ್ಲಿ ಎಲ್ಲರೂ ಅಂದುಕೊಂಡಷ್ಟು ವ್ಯತ್ಯಾಸವಿಲ್ಲ: ಕನ್ನಡಿ ಬಿಟ್ಟರೆ ಟಕೋಮಾ 77 ಇಂಚಿನ ಆಸುಪಾಸು, ಎಫ್-150 ಸುಮಾರು 80. ಟಕೋಮಾ ಮಿಡ್‌ಸೈಜ್, ಎಫ್-150 ಫುಲ್‌ಸೈಜ್ ವರ್ಗದ್ದು, ಆದರೆ ಇವತ್ತಿನ ಮಿಡ್‌ಸೈಜ್ ಹೆಸರಿಗೆ ಮಾತ್ರ ಮಧ್ಯಮ. ನಿಜವಾದ ಫರಕು ವೀಲ್‌ಬೇಸ್‌ನಲ್ಲಿದೆ, ಅಂದರೆ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರದಲ್ಲಿ. ಟಕೋಮಾದ್ದು 131.9 ಇಂಚು, ಎಫ್-150ಯದ್ದು 145.4.

ಈ ಹದಿಮೂರೂವರೆ ಇಂಚು ಕಲ್ಲಿನ ದಿಬ್ಬದ ಮೇಲೆ ಏನು ಮಾಡುತ್ತದೆ ನೋಡಿ. ದಿಬ್ಬ ದಾಟುವಾಗ ಗಾಡಿಯ ಹೊಟ್ಟೆ ತಗಲುವ ಕೋನಕ್ಕೆ ಬ್ರೇಕ್‌ಓವರ್ ಎನ್ನುತ್ತಾರೆ. ಎರಡೂ ಗಾಡಿಗಳ ನಡುಭಾಗ ನೆಲದಿಂದ 10 ಇಂಚು ಮೇಲಿದೆ ಎಂದಿಟ್ಟುಕೊಂಡರೆ ಟಕೋಮಾಕ್ಕೆ ಈ ಕೋನ ಸುಮಾರು 17 ಡಿಗ್ರಿ, ಎಫ್-150ಗೆ ಹದಿನಾರಕ್ಕೂ ಕೊಂಚ ಕಡಿಮೆ. ಸರಿಸಮ ಆಗಬೇಕಾದರೆ ಫೋರ್ಡ್ ಇನ್ನೂ ಒಂದು ಇಂಚು ಮೇಲೇರಬೇಕು. ಟೈರಿನ ವ್ಯಾಸ ಎರಡು ಇಂಚು ಹೆಚ್ಚಿದರೆ ಗಾಡಿ ಏರುವುದು ಒಂದೇ ಇಂಚು. ಅಂದರೆ 33 ಇಂಚಿನ ಟೈರು ಹಾಕಿದ ಮಿಡ್‌ಸೈಜ್ ಮಾಡುವ ಕೆಲಸಕ್ಕೆ ಫುಲ್‌ಸೈಜ್‌ಗೆ 35 ಇಂಚಿನ ಟೈರು ಬೇಕು. ಟ್ರೆಮರ್‌ಗೆ ಕಾರ್ಖಾನೆಯಿಂದ ಬರುವುದು 33.

ನೀವು ಹೇಳಿದ ಕಡೆಯ ಆಲ್ಪೈನ್ ಲೂಪ್ ಲೇಕ್ ಸಿಟಿ, ಯೂರೇ, ಸಿಲ್ವರ್ಟನ್ ನಡುವಿನ ಸುಮಾರು 65 ಮೈಲಿಯ ಹಾದಿ. ಇಂಜಿನಿಯರ್ ಪಾಸ್ 12,800 ಅಡಿ, ಸಿನಮನ್ ಪಾಸ್ 12,640 ಅಡಿ. ಫುಲ್‌ಸೈಜ್ ಗಾಡಿಗಳೂ ಅಲ್ಲಿ ಹೋಗುತ್ತವೆ, ಹೋಗಲಾರವು ಎಂದೇನಿಲ್ಲ. ತೊಂದರೆ ಎದುರಿಗೆ ಇನ್ನೊಂದು ಗಾಡಿ ಬಂದಾಗ. ಏರುವವರಿಗೆ ದಾರಿ ಬಿಡುವುದು ಅಲ್ಲಿನ ಪದ್ಧತಿ. ಇಳಿಯುತ್ತಿರುವ ನೀವು ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ ಇರುವಲ್ಲಿ ಅಗಲವಾದ ಜಾಗ ಸಿಗುವ ತನಕ ಹಿಂದಕ್ಕೆ ಹೋಗಬೇಕು. ಹತ್ತೊಂಬತ್ತು ಇಂಚು ಹೆಚ್ಚು ಉದ್ದ ಆಗ ಅರ್ಥವಾಗುತ್ತದೆ. ಟೆಲ್ಯುರೈಡ್‌ಗೆ ಇಳಿಯುವ ಬ್ಲ್ಯಾಕ್ ಬೇರ್ ಪಾಸ್ ಬೇರೆಯೇ ಮಾತು. ಅಲ್ಲಿನ ಹೇರ್‌ಪಿನ್ ತಿರುವುಗಳಲ್ಲಿ ಉದ್ದ ವೀಲ್‌ಬೇಸ್ ಇದ್ದರೆ ಮುಂದೆ ಹಿಂದೆ ಮಾಡಿ ಮಾಡಿ ತಿರುಗಿಸಬೇಕು. ಮಕ್ಕಳನ್ನು ಕೂರಿಸಿಕೊಂಡು ಯಾವ ಗಾಡಿಯಲ್ಲೂ ಅಲ್ಲಿಗೆ ಹೋಗಬೇಡಿ.

ಇನ್ನು ಮಗುವಿನ ಸೀಟು. ಟಕೋಮಾ ಡಬಲ್ ಕ್ಯಾಬ್‌ನ ಹಿಂದಿನ ಸಾಲಿನಲ್ಲಿ ಕಾಲಿಡಲು 33.7 ಇಂಚು, ಎಫ್-150 ಸೂಪರ್‌ಕ್ರೂದಲ್ಲಿ 43.6. ಹಿಂಮುಖ ಸೀಟು ಹಾಕಿದರೆ ಟಕೋಮಾದಲ್ಲಿ ಅದರ ಮುಂದೆ ಕೂರುವವರ ಮೊಣಕಾಲು ಡ್ಯಾಶ್‌ಬೋರ್ಡಿಗೆ ತಾಗುತ್ತದೆ. ನಿಮ್ಮ ಸೀಟನ್ನೇ ಡೀಲರ್ ಬಳಿಗೆ ಒಯ್ದು, ಹಾಕಿ, ಮುಂದೆ ಆರಾಮಾಗಿ ಅರ್ಧ ಗಂಟೆ ಕೂತು ನೋಡಿ. ಆಗದಿದ್ದರೆ ಜೀಪ್ ಗ್ಲಾಡಿಯೇಟರ್ ನೋಡಬಹುದು: ಹಿಂದೆ 38.3 ಇಂಚು ಜಾಗವಿದೆ, ರೂಬಿಕಾನ್‌ನಲ್ಲಿ ಎರಡೂ ಆಕ್ಸಲ್‌ಗೆ ಲಾಕರ್ (ಎಡ-ಬಲ ಚಕ್ರಗಳನ್ನು ಒಟ್ಟಿಗೇ ತಿರುಗಿಸುವ ಬೀಗ) ಇದೆ. ಆದರೆ ಗಟ್ಟಿ ಆಕ್ಸಲ್‌ನ ಆ ಗಾಡಿ ಐ-70 ಹೆದ್ದಾರಿಯಲ್ಲಿ ಗಂಟೆಗೆ 75 ಮೈಲಿ ಓಡುವಾಗ ಸ್ಟೀರಿಂಗ್ ಅಲೆದಾಡುತ್ತದೆ, ಗಾಳಿಯ ಸದ್ದೂ ಜಾಸ್ತಿ. ದಿನಾ ಓಡಿಸುವವರಿಗೆ ಇದು ಸಣ್ಣ ವಿಷಯವಲ್ಲ.

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಭಾರದ ಲೆಕ್ಕದಲ್ಲಿ. ಚಾಲಕನ ಬಾಗಿಲು ತೆರೆದರೆ ಚೌಕಟ್ಟಿನ ಮೇಲೆ ಹಳದಿ-ಬಿಳಿ ಚೀಟಿ ಇರುತ್ತದೆ. ಜನ ಮತ್ತು ಸಾಮಾನು ಸೇರಿ ಇಷ್ಟು ಪೌಂಡ್ ಮೀರಬಾರದು ಎಂದು ಬರೆದಿರುತ್ತದೆ. ಜಾಹೀರಾತಿನಲ್ಲಿರುವುದು ಆ ಮಾಡೆಲಿನ ಅತಿ ಹಗುರ ಗಾಡಿಯ ಅಂಕಿ, ನಿಮ್ಮ ಗಾಡಿಯದ್ದು ಈ ಚೀಟಿಯಲ್ಲಿರುವುದು. ಚೀಟಿಯಲ್ಲಿ 1,150 ಎಂದಿದೆ ಅನ್ನೋಣ. ನೀವಿಬ್ಬರು, ಮಕ್ಕಳು, ಅವರ ಸೀಟುಗಳು 430. ಬೆಡ್ ಮೇಲಿನ ಮಡಚುವ ಟೆಂಟ್ 150, ಅದರ ರ‍್ಯಾಕ್ 90. ತುಂಬಿದ ಫ್ರಿಜ್ 70, ಹತ್ತು ಗ್ಯಾಲನ್ ನೀರು 83. ಹಗ್ಗ, ಜ್ಯಾಕ್, ಕಂಪ್ರೆಸರ್ ಇತ್ಯಾದಿ 60, ಬಟ್ಟೆ ಮತ್ತು ಊಟದ ಸಾಮಾನು 120. ಒಟ್ಟು 1,003. ಇದರ ಮೇಲೆ ಉಕ್ಕಿನ ಬಂಪರ್ ಮತ್ತು ವಿಂಚ್ (ಸಿಕ್ಕಿಕೊಂಡ ಗಾಡಿ ಎಳೆಯುವ ರಾಟೆ) ಎಂದು 180 ಸೇರಿಸಿದಿರೋ, ಮಿತಿ ದಾಟಿತು. ಮಿತಿ ಮೀರಿದ ಗಾಡಿಯ ಹಿಂಭಾಗ ಕುಸಿದು ಹೆಡ್‌ಲೈಟ್ ಆಕಾಶ ನೋಡುತ್ತದೆ, ಇಳಿಜಾರಿನಲ್ಲಿ ಬ್ರೇಕ್ ಕಾದು ಬಿಸಿಯಾಗುತ್ತದೆ, ಹಿಂದಿನ ಲೀಫ್ ಸ್ಪ್ರಿಂಗ್ ಬೇಗ ಸೋಲುತ್ತದೆ. ಸ್ಪ್ರಿಂಗ್ ಬದಲಿಸಿದರೆ, ಸ್ಪ್ರಿಂಗಿಗೆ ಆಸರೆಯಾಗುವ ಏರ್‌ಬ್ಯಾಗ್ ಹಾಕಿದರೆ ಎತ್ತರ ಸರಿಹೋದೀತು, ಚೀಟಿಯ ಅಂಕಿ ಬದಲಾಗದು. ದೊಡ್ಡ ಗಾಡಿ ಕೊಂಡರೆ ಈ ಚಿಂತೆ ತಪ್ಪಿತು ಅಂದುಕೊಳ್ಳಬೇಡಿ: 702 ಅಶ್ವಶಕ್ತಿಯ ರ‍್ಯಾಮ್ ಟಿಆರ್‌ಎಕ್ಸ್‌ನ ಮಿತಿ 1,310 ಪೌಂಡ್. ಮೆತ್ತನೆಯ ಸಸ್ಪೆನ್ಷನ್, ದೊಡ್ಡ ಟೈರು ಹಾಕಿದ ಆಫ್-ರೋಡ್ ಆವೃತ್ತಿಗಳೆಲ್ಲ ಹೊರುವುದರಲ್ಲಿ ಹಿಂದೆಯೇ.

ದಿನಬಳಕೆಗೆ ಬಂದರೆ ಗ್ಯಾರೇಜ್ ಅಳೆಯಿರಿ. ಒಳ ಉದ್ದ 20 ಅಡಿ ಇದ್ದರೆ 240 ಇಂಚು. ಎಫ್-150 ನಿಲ್ಲಿಸಿದ ಮೇಲೆ ಉಳಿಯುವುದು ಎಂಟೇ ಇಂಚು, ಹಿಂದೆ ಹಾದುಹೋಗಲು ದಾರಿಯಿಲ್ಲ. ಪಾರ್ಕಿಂಗ್ ಗೆರೆಗಳು ಸಾಮಾನ್ಯವಾಗಿ 18 ಅಡಿ, ಅಂದರೆ 216 ಇಂಚು. ಟಕೋಮಾ ಒಳಗೆ ನಿಲ್ಲುತ್ತದೆ, ಫೋರ್ಡ್‌ನ ಮೂತಿ ಹೊರಗಿರುತ್ತದೆ. ಪೆಟ್ರೋಲ್ ಉಳಿತಾಯಕ್ಕೆಂದು ಮಿಡ್‌ಸೈಜ್ ಕೊಳ್ಳುವವರಿಗೆ ನಿರಾಸೆ ಕಾದಿದೆ. ನಾಲ್ಕು ಚಕ್ರ ಚಾಲನೆಯ ಟಕೋಮಾ ಮತ್ತು 2.7 ಲೀಟರ್ ಎಂಜಿನ್ನಿನ ಎಫ್-150 ಎರಡೂ ಗ್ಯಾಲನ್‌ಗೆ 20 ಮೈಲಿಯ ಆಸುಪಾಸಿನಲ್ಲೇ ಇವೆ.

ಹಿಮದ ಬಗ್ಗೆ ಒಂದು ಮಾತು. ಐ-70ರಲ್ಲಿ ಮಾರಿಸನ್‌ನಿಂದ ಡಾಟ್ಸೆರೋವರೆಗೆ ಸೆಪ್ಟೆಂಬರ್‌ನಿಂದ ಮೇ ಕೊನೆಯವರೆಗೆ ಟೈರಿನ ನಿಯಮ ಜಾರಿಯಲ್ಲಿರುತ್ತದೆ. ಟೈರಿನ ಗೀರುಗಳ ಆಳ 3/16 ಇಂಚಾದರೂ ಇರಬೇಕು. ಟಕೋಮಾ ಆಫ್-ರೋಡ್‌ನ 4ಎಚ್ ಎಂಬ ನಾಲ್ಕು ಚಕ್ರ ಚಾಲನೆ ಒಣ ಟಾರಿನ ಮೇಲೆ ಬಳಸುವಂಥದ್ದಲ್ಲ. ತಿರುವಿನಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳು ಬೇರೆ ಬೇರೆ ದೂರ ಉರುಳಬೇಕು. ಎಂಜಿನ್ನಿನ ಬಲವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸ್ ಎರಡನ್ನೂ ಬಿಗಿದು ಕಟ್ಟಿರುವುದರಿಂದ ಶಾಫ್ಟ್‌ಗಳಲ್ಲಿ ತಿರುಚು ತುಂಬಿಕೊಳ್ಳುತ್ತದೆ. ಅಲ್ಲಲ್ಲಿ ಹಿಮ, ಅಲ್ಲಲ್ಲಿ ಒಣ ರಸ್ತೆ ಇರುವ ಡೆನ್ವರ್ ಚಳಿಗಾಲಕ್ಕೆ 4ಎ ಎಂಬ ಆಟೋ ಸ್ಥಾನ ಇರುವ ಆವೃತ್ತಿ ಹೆಚ್ಚು ಅನುಕೂಲ. ಕೊಳ್ಳುವ ಮುನ್ನ ಗುಂಡಿಯಲ್ಲಿ ಆ ಅಕ್ಷರ ಇದೆಯೇ ನೋಡಿ.

ನಮ್ಮ ಅಭಿಪ್ರಾಯ: ಸೀಟು ಹಿಡಿದರೆ ಟಕೋಮಾ, ಉಕ್ಕಿನ ಬಂಪರ್ ಬೇಡ. ಹಿಡಿಯದಿದ್ದರೆ ಟ್ರೆಮರ್ ಬದಲು ಎಫ್‌ಎಕ್ಸ್4 ಪ್ಯಾಕೇಜಿನ ಎಫ್-150 ತೆಗೆದುಕೊಳ್ಳಿ. ಹಿಂದಿನ ಲಾಕರ್, ತಳದ ರಕ್ಷಣಾ ತಗಡು ಅದರಲ್ಲೂ ಬರುತ್ತವೆ. ಉಳಿದ ಹಣದಲ್ಲಿ ಒಳ್ಳೆಯ ಆಲ್-ಟೆರೇನ್ ಟೈರು ಹಾಕಿಸಿ.

ಪ್ರಶ್ನೆ: ಡಲ್ಲಾಸ್‌ನಲ್ಲಿದ್ದೇವೆ, ನಾಲ್ವರು. 6,000 ಪೌಂಡ್ ಗರಿಷ್ಠ ತೂಕದ ಟ್ರಾವೆಲ್ ಟ್ರೇಲರ್ ಕೊಳ್ಳುವವರಿದ್ದೇವೆ. ಫೋರ್ಡ್ ರೇಂಜರ್ 7,500 ಪೌಂಡ್ ಎಳೆಯುತ್ತದಂತೆ, ಸಾಲದೇ? ಸಮುದ್ರ ತೀರದ ಮರಳಿನಲ್ಲೂ ಓಡಿಸುವ ಆಸೆಯಿದೆ.

ಉತ್ತರ: ಎಳೆಯಲು ಸಾಲುತ್ತದೆ, ಹೊರಲು ಸಾಲದು. ಟ್ರೇಲರ್ ತೂಕದ ಶೇ 10ರಿಂದ 15ರಷ್ಟು ಕೊಂಡಿಯ ಮೂಲಕ ಗಾಡಿಯ ಬೆನ್ನ ಮೇಲೆ ಕೂರುತ್ತದೆ. 6,000ಕ್ಕೆ ಶೇ 12.5 ಹಿಡಿದರೆ 750 ಪೌಂಡ್. ಭಾರ ಹಂಚುವ ಹಿಚ್ 90, ನೀವು ನಾಲ್ವರು 620, ಬೆಡ್‌ನಲ್ಲಿ ಸಾಮಾನು 100: ಒಟ್ಟು 1,560. ರೇಂಜರ್‌ನ ಬಾಗಿಲ ಚೀಟಿ 1,300 ಎಂದಿದ್ದರೆ ಲೆಕ್ಕ ಅಲ್ಲಿಗೇ ಮುಗಿಯಿತು. ಕೊಂಡಿಯ ಭಾರ ಕಡಿಮೆ ಮಾಡೋಣವೆಂದು ಟ್ರೇಲರ್‌ನ ಸಾಮಾನನ್ನು ಹಿಂದಕ್ಕೆ ತಳ್ಳಬೇಡಿ. ಕೊಂಡಿ ಶೇ 10ಕ್ಕಿಂತ ಹಗುರಾದರೆ ಟ್ರೇಲರ್ ಬಾಲ ಅಲ್ಲಾಡಿಸಲು ಶುರುಮಾಡುತ್ತದೆ, ಹೆದ್ದಾರಿಯಲ್ಲಿ ಪಕ್ಕದಿಂದ ಲಾರಿ ಹಾದಾಗ ಹತೋಟಿ ತಪ್ಪುತ್ತದೆ.

ಹಾಗಾಗಿ ನಿಮಗೆ ಫುಲ್‌ಸೈಜ್ ಬೇಕು. ಎಫ್-150, ಸಿಲ್ವೆರಾಡೋ, ರ‍್ಯಾಮ್ 1500, ಟಂಡ್ರಾ ಯಾವುದಾದರೂ ಸರಿ, ಚೀಟಿಯಲ್ಲಿ 1,700ಕ್ಕೆ ಕಡಿಮೆಯಿಲ್ಲದ ಗಾಡಿ ಹುಡುಕಿ. ಗಾಜಿನ ದೊಡ್ಡ ಛಾವಣಿ, ತಾನೇ ಇಳಿಯುವ ಮೆಟ್ಟಿಲು, 22 ಇಂಚಿನ ರಿಮ್ ಇರುವ ಮೇಲ್ದರ್ಜೆ ಆವೃತ್ತಿಗಳ ಅಂಕಿ ಕೆಳಗಿರುತ್ತದೆ. ಮಧ್ಯಮ ದರ್ಜೆಯದ್ದೇ ವಾಸಿ. ಕಾರ್ಖಾನೆಯ ಟ್ರೇಲರ್ ಬ್ರೇಕ್ ಕಂಟ್ರೋಲರ್, ಏಳು ಪಿನ್ನಿನ ಪ್ಲಗ್, ಅಗಲ ಚಾಚುವ ಕನ್ನಡಿ ಇವು ಮೂರೂ ಇರಲಿ. ಟ್ರೇಲರ್ ಟೈರಿನ ಬದಿಯಲ್ಲಿ ವೇಗದ ಮಿತಿ ಬರೆದಿದ್ದರೆ ಅದನ್ನು ಪಾಲಿಸಿ. ಅನೇಕ ಟೈರುಗಳಿಗೆ ಅದು ಗಂಟೆಗೆ 65 ಮೈಲಿ. ಟೆಕ್ಸಾಸ್ ಬಿಸಿಲಿನಲ್ಲಿ ಟೈರು ಸಿಡಿಯುವುದು ಹೆಚ್ಚಾಗಿ ಕಡಿಮೆ ಗಾಳಿ ಮತ್ತು ಅತಿವೇಗ ಸೇರಿದಾಗ.

ಮರಳಿಗೆ ಪಾಡ್ರೆ ಐಲೆಂಡ್ ನ್ಯಾಷನಲ್ ಸೀಶೋರ್ ಇದೆ. ಮೊದಲ ಐದು ಮೈಲಿ ದಾಟಿದ ಮೇಲೆ ನಾಲ್ಕು ಚಕ್ರ ಚಾಲನೆಯ ಗಾಡಿಗಳಿಗೆ ಮಾತ್ರ. ಟ್ರೇಲರ್ ಕ್ಯಾಂಪಿನಲ್ಲೇ ಬಿಡಿ. ಟೈರಿನ ಗಾಳಿ 35ರಿಂದ 15-18 ಪಿಎಸ್‌ಐಗೆ ಇಳಿಸಿ. ಸಿಕ್ಕಿಕೊಂಡರೆ ಆಕ್ಸಿಲರೇಟರ್ ತುಳಿಯಬೇಡಿ, ಚಕ್ರ ಗುಂಡಿ ತೋಡಿಕೊಂಡು ಆಕ್ಸಲ್ ಮರಳ ಮೇಲೆ ಕೂರುತ್ತದೆ. ಇಳಿದು ಚಕ್ರಗಳ ಮುಂದಿನ ಮರಳು ತೆಗೆದು, ಟ್ರ್ಯಾಕ್ಷನ್ ಬೋರ್ಡ್ (ಹಿಡಿತ ಕೊಡುವ ಹಲಗೆ) ತುರುಕಿ, 4ಎಲ್‌ನಲ್ಲಿ (ನಾಲ್ಕು ಚಕ್ರ ಚಾಲನೆಯ ನಿಧಾನ ಗೇರು) ಮೆಲ್ಲಗೆ ಹೊರಡಿ. ಮರಳಿ ರಸ್ತೆಗೆ ಬಂದ ಕೂಡಲೇ ಗಾಳಿ ತುಂಬಿ. ಮನೆಗೆ ಬಂದು ತಳವನ್ನು ಸಿಹಿನೀರಿನಲ್ಲಿ ತೊಳೆಯದಿದ್ದರೆ ಉಪ್ಪು ಬ್ರೇಕ್ ಪೈಪುಗಳನ್ನು ತಿನ್ನುತ್ತದೆ.

ಪ್ರಶ್ನೆ: ಎರಡು ವರ್ಷದಲ್ಲಿ ಮೈಸೂರಿಗೆ ವಾಪಸ್. ಟಕೋಮಾ ಜತೆಗೆ ತರಬಹುದೇ?

ಉತ್ತರ: ಆಸೆ ಬಿಡಿ. ಭಾರತಕ್ಕೆ ತರುವ ಬಳಸಿದ ಗಾಡಿಗೆ ಸ್ಟೀರಿಂಗ್ ಬಲಗಡೆ ಇರಬೇಕು. ಟಕೋಮಾ ಅಮೆರಿಕ ಖಂಡದ ಮಾರುಕಟ್ಟೆಗೆಂದೇ ಎಡಗಡೆ ಸ್ಟೀರಿಂಗಿನಲ್ಲಿ ತಯಾರಾಗುತ್ತದೆ. ಊರಲ್ಲಿ ಸಿಗುವ ಟೊಯೋಟಾ ಹೈಲಕ್ಸ್, ಇಸುಜು ವಿ-ಕ್ರಾಸ್ ಎರಡೂ ಮಿಡ್‌ಸೈಜ್ ವರ್ಗದವೇ, ಡೀಸೆಲ್ ಎಂಜಿನ್ನಿನವು. 5,325 ಮಿಲಿಮೀಟರ್ ಉದ್ದದ ಹೈಲಕ್ಸ್ ಎಫ್-150ಗಿಂತ 56 ಸೆಂಟಿಮೀಟರ್ ಗಿಡ್ಡ. ದೇವರಾಜ ಅರಸು ರಸ್ತೆಯಲ್ಲಿ ನಿಲ್ಲಿಸಲು ಅದೇ ಹೆಚ್ಚಾಯಿತು.

ಪ್ರಶ್ನೆ: ಬಳಸಿದ ಪಿಕಪ್ ಕೊಳ್ಳುವಾಗ ಏನೇನು ನೋಡಬೇಕು? ಲಿಫ್ಟ್ ಮಾಡಿಸಿದ (ಎತ್ತರಿಸಿದ) ಗಾಡಿ ಕೊಳ್ಳಬಹುದೇ?

ಉತ್ತರ: ಗಾಡಿಯ ಗುರುತು ಸಂಖ್ಯೆಯಾದ 17 ಅಕ್ಷರಗಳ ವಿಐಎನ್ ತೆಗೆದುಕೊಂಡು ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ತಾಣದಲ್ಲಿ ರೀಕಾಲ್ (ದೋಷ ಸರಿಪಡಿಸಲು ಕಂಪನಿ ವಾಪಸ್ ಕರೆಯುವುದು) ಬಾಕಿಯಿದೆಯೇ ನೋಡುವುದು ಮೊದಲ ಕೆಲಸ. 2022-23ರ ಟಂಡ್ರಾಗಳಲ್ಲಿ ಎಂಜಿನ್ ಒಳಗೆ ಉಳಿದ ಲೋಹದ ಚೂರಿಗಾಗಿ 2024ರಲ್ಲಿ ಸುಮಾರು ಒಂದು ಲಕ್ಷ ಗಾಡಿಗಳ ರೀಕಾಲ್ ಆಯಿತು. ಜಿಎಂನ 6.2 ಲೀಟರ್ ವಿ8ಗೆ 2025ರಲ್ಲಿ ಇನ್ನೂ ದೊಡ್ಡ ರೀಕಾಲ್ ಆಯಿತು. ಕೆಲಸ ಮುಗಿದಿರುವ ರಸೀದಿ ಕೇಳಿ.

ಎಂಜಿನ್ ತಣ್ಣಗಿರುವಾಗಲೇ ಹೋಗಿ. ಮಾರುವವರು ಮೊದಲೇ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರುತ್ತೇವೆ ಎನ್ನಿ. 2017ರಿಂದ 2020ರ ಫೋರ್ಡ್‌ನ 3.5 ಲೀಟರ್ ಇಕೋಬೂಸ್ಟ್ ಎಂಜಿನ್ ತಣ್ಣಗೆ ಸ್ಟಾರ್ಟ್ ಆದಾಗ ಎರಡು-ಮೂರು ಸೆಕೆಂಡು ಗಡಗಡ ಎಂದರೆ ಕ್ಯಾಮ್ ಫೇಸರ್ (ವಾಲ್ವ್‌ಗಳ ಸಮಯ ಹೊಂದಿಸುವ ಭಾಗ) ಸವೆದಿದೆ. ರ‍್ಯಾಮ್‌ನ ಹೆಮಿ ಎಂಜಿನ್ ತಣ್ಣಗಿದ್ದಾಗ ಟಿಕ್ ಟಿಕ್ ಎಂದು ಬಿಸಿಯಾದ ಮೇಲೆ ಸುಮ್ಮನಾದರೆ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಬೋಲ್ಟ್ ಮುರಿದಿರುವುದು ಹೆಚ್ಚು. ಉಪ್ಪು ಸುರಿಯುವ ರಾಜ್ಯದಿಂದ ಬಂದ ಹಳೆಯ ಟಕೋಮಾ ಆದರೆ ಫ್ರೇಮನ್ನು ಸುತ್ತಿಗೆಯಿಂದ ತಟ್ಟಿ. ಟಣ್ ಎನ್ನಬೇಕು, ಮಂದ ಸದ್ದು ಬಂದರೆ, ಪದರ ಉದುರಿದರೆ ಎದ್ದು ಬನ್ನಿ. ಹಿಂದಿನ ಲೀಫ್ ಸ್ಪ್ರಿಂಗ್ ಕಟ್ಟುವ ಜಾಗ ಮುಖ್ಯ.

ಜಲ್ಲಿ ರಸ್ತೆಯಲ್ಲಿ 4ಎಚ್, 4ಎಲ್, ಲಾಕರ್ ಮೂರನ್ನೂ ಹಾಕಿ ನೋಡಿ. ದೀಪ ಮಿನುಗುತ್ತಲೇ ಉಳಿದರೆ ಅದನ್ನು ಜೋಡಿಸುವ ಮೋಟಾರ್ (ಆಕ್ಚುವೇಟರ್) ಸಿಕ್ಕಿಕೊಂಡು ಕೂತಿದೆ, ವರ್ಷಗಟ್ಟಲೆ ಬಳಸದೆ ಬಿಟ್ಟ ಗಾಡಿಗಳಲ್ಲಿ ಇದು ಮಾಮೂಲು.

ಲಿಫ್ಟ್ ಎರಡು-ಎರಡೂವರೆ ಇಂಚಿನೊಳಗಿದ್ದರೆ ಹೆದರಬೇಕಿಲ್ಲ. ಅದಕ್ಕಿಂತ ಮೇಲಾದರೆ ಮುಂದಿನ ಚಕ್ರಗಳಿಗೆ ಬಲ ಒಯ್ಯುವ ಸಿವಿ ಕೀಲುಗಳು ಬಾಗಿ ನಿಲ್ಲುತ್ತವೆ, ರಬ್ಬರ್ ಬೂಟ್ ಹರಿದು ಗ್ರೀಸ್ ಚಿಮ್ಮುತ್ತದೆ. ರಿಮ್‌ನ ಒಳಮೈಯಲ್ಲಿ ಜಿಡ್ಡು ಕಂಡರೆ ಅದೇ. ಬರೀ ಸ್ಪೇಸರ್ ಹಾಕಿ ಎತ್ತರಿಸಿದ್ದಾರೋ, ಮೇಲಿನ ಕಂಟ್ರೋಲ್ ಆರ್ಮ್ ಕೂಡ ಬದಲಿಸಿ ಅಲೈನ್‌ಮೆಂಟ್ ಮಾಡಿಸಿದ್ದಾರೋ ಕೇಳಿ, ಅಲೈನ್‌ಮೆಂಟ್ ಹಾಳೆ ತೋರಿಸಲಿ. ಟೈರಿನ ಗಾತ್ರವನ್ನೂ ಓದಿ. 265/70ಆರ್17 ಬದಲು 285/70ಆರ್17 ಹಾಕಿದ್ದರೆ ವ್ಯಾಸ 31.6ರಿಂದ 32.7 ಇಂಚಿಗೆ ಏರಿದೆ: ಮೀಟರ್ 60 ತೋರಿಸುವಾಗ ನೀವು 62ರಲ್ಲಿರುತ್ತೀರಿ, ಓಡೋಮೀಟರ್ ಕೂಡ ಶೇ 3.4ರಷ್ಟು ಕಡಿಮೆ ಎಣಿಸಿದೆ. 2016ರಿಂದ 2023ರ ಟಕೋಮಾದಲ್ಲಿ ಈ ಟೈರು ತಿರುಗಲು ಕ್ಯಾಬನ್ನು ಫ್ರೇಮಿಗೆ ಕೂರಿಸುವ ಕ್ಯಾಬ್ ಮೌಂಟ್‌ನ ಮೂಲೆ ಕೊರೆಯುವುದು ರೂಢಿ. ಕೊರೆದ ಜಾಗಕ್ಕೆ ವೆಲ್ಡ್ ಮಾಡಿ ಬಣ್ಣ ಬಳಿದಿದ್ದಾರೆಯೇ ಎಂದು ಮುಂದಿನ ಚಕ್ರದ ಹಿಂದೆ ಟಾರ್ಚ್ ಬಿಟ್ಟು ನೋಡಿ.